ಬರಿಗೈಯಲ್ಲಿ ಹೋಗುವ ದಿನ

ಮರ ನೋಡಲು ಹೊರಟ ಮೊದಲ ದಿನ ನಮ್ಮಪ್ಪ ಕೊಡಲಿ ಒಯ್ಯುತ್ತಿರಲಿಲ್ಲ. ಮದ್ದೂರಿನಲ್ಲಿ ಬಸ್ಸು ಹತ್ತಿ ಕೊಪ್ಪದ ಕಡೆಗೋ ಮಳವಳ್ಳಿ ಕಡೆಗೋ ಹೋಗಿ, ಬದುವಿನ ಮೇಲೆ ನಡೆದು, ಮರದ ಬುಡದಲ್ಲಿ ಕೂತುಬಿಡುವುದು. ಎಲೆ ಅಡಿಕೆ ಹಾಕಿಕೊಂಡು ಮೇಲೆ ನೋಡುವುದು. ಎಂಬತ್ತರ ದಶಕದ ಕೊನೆ, ನಾನಿನ್ನೂ ಹೈಸ್ಕೂಲು ಹುಡುಗ. ಬೇಜಾರಾಗಿ ‘ಹೋಗಾಣ ಕಣಪ್ಪ’ ಅಂದರೆ, ‘ವಸಿ ತಡಿಲಾ, ಯಾವ ಕಡೀಕೆ ಬೀಳ್ತೀನಿ ಅಂತ ಅದಿನ್ನೂ ಯೋಳಿಲ್ಲ’ ಅನ್ನುತ್ತಿದ್ದರು.

ಆಮೇಲೆ ಜೇಬಿನಿಂದ ದಾರ ತೆಗೆದು ಎದೆಮಟ್ಟಕ್ಕೆ ಸುತ್ತುತ್ತಿದ್ದರು. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿದರೆ ಕ್ಯೂಬಿಕ್ ಅಡಿ. 48 ಇಂಚು ಸುತ್ತಳತೆಯ, 10 ಅಡಿ ಉದ್ದದ ದಿಮ್ಮಿ ಅಂದರೆ ಸರಿಯಾಗಿ 10 ಕ್ಯೂಬಿಕ್ ಅಡಿ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟ ಅಪ್ಪ ಇದನ್ನು ಬಾಯಿಲೆಕ್ಕದಲ್ಲೇ ಮುಗಿಸುತ್ತಿದ್ದರು. ಕರಿಜಾಲಿ ನೇಗಿಲಿಗೆ, ಗಾಡಿಗೆ. ಬೇವು ಬಾಗಿಲುವಾಡಕ್ಕೆ. ಹುಣಸೆ ಮಾಂಸದಂಗಡಿಯ ಕೊರಡಿಗೆ. ಮಿಕ್ಕಿದ್ದು ಇಟ್ಟಿಗೆ ಗೂಡಿಗೆ. ಮರ ನಿಂತಿರುವಾಗಲೇ ಅದು ಎಲ್ಲೆಲ್ಲಿಗೆ ಹೋಗಬೇಕು ಅನ್ನುವುದು ತೀರ್ಮಾನವಾಗಿರುತ್ತಿತ್ತು.

ಕಡಿಯುವ ದಿನ ಬುಡಕ್ಕೆ ಅರಿಶಿನ, ಕುಂಕುಮ, ಊದುಕಡ್ಡಿ. ಬೀಳುವ ದಿಕ್ಕಿಗೆ ಕೊಡಲಿಯಲ್ಲಿ ಕಚ್ಚು ಹಾಕಿ, ಹಿಂಬದಿಯಿಂದ ಇಬ್ಬರು ಜೋಡಿ ಗರಗಸ ಎಳೆಯುತ್ತಿದ್ದರು. ಕಚ್ಚಿಗೂ ಗರಗಸಕ್ಕೂ ನಡುವೆ ಎರಡು ಬೆರಳಗಲ ಕೊಯ್ಯದೆ ಉಳಿಸಬೇಕು. ಆ ಪಟ್ಟಿಯೇ ಬಾಗಿಲ ಕೀಲಿನ ಹಾಗೆ ಮರವನ್ನು ಹಿಡಿದು ಮಲಗಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ತನಗೆ ಬೇಕಾದ ಕಡೆ ಬೀಳುತ್ತದೆ. ದೊಡ್ಡ ಹುಣಸೆಗೆ ಅರ್ಧ ದಿನ ಹಿಡಿಯುತ್ತಿತ್ತು. ಗರಗಸದವರು ಉಸಿರು ತಗೊಳ್ಳಲು ನಿಂತಾಗಲೆಲ್ಲ ಅಪ್ಪ ಒಂದು ಸುತ್ತು ಬಂದು ಮತ್ತೆ ಮೇಲೆ ನೋಡುತ್ತಿದ್ದರು. ಬೀಳುವ ದಿಕ್ಕಿಗೆ ಎಳೆಯಲು ಮರಕ್ಕೆ ಕಟ್ಟಿದ ಹಗ್ಗ ಬದಲಾಯಿಸಬೇಕಾದರೆ ಆಗಲೇ ಬದಲಾಗುತ್ತಿತ್ತು.

ತೊಂಬತ್ತರ ದಶಕದಲ್ಲಿ ಚೈನ್‌ಸಾ ಬಂತು. ನಮ್ಮ ಕಡೆ ಅದಕ್ಕೆ ‘ಕಟಿಂಗ್ ಮಿಷನ್’ ಅನ್ನುವ ಹೆಸರು. ಅರ್ಧ ದಿನದ ಕೊಯ್ತ ಅರ್ಧ ಗಂಟೆಗೆ ಇಳಿಯಿತು. ನಾನು ಸಾಲ ಮಾಡಿ ಒಂದು ತಂದೆ. ಮೊದಲ ತಿಂಗಳಲ್ಲೇ ಅವಸರಕ್ಕೆ ಬರೀ ಪೆಟ್ರೋಲ್ ಸುರಿದು ಪಿಸ್ಟನ್ ಹಿಡಿಸಿದೆ. ನನ್ನ ಮಿಷನ್ನಿಗೆ ಲೀಟರಿಗೆ 20 ಮಿಲಿ ಟೂ-ಟಿ ಆಯಿಲ್ ಬೆರೆಸಬೇಕು ಅನ್ನುವುದನ್ನು ಆ ರಿಪೇರಿ ಬಿಲ್ಲು ಕಲಿಸಿತು. ಇನ್ನೊಂದು ಪಾಠ ಎಡಗೈ ಮೇಲೆ ಗಾಯದ ಗುರುತಾಗಿ ಉಳಿದಿದೆ: ಬಾರಿನ ತುದಿಯ ಮೇಲ್ಭಾಗ ಪಕ್ಕದ ಕೊಂಬೆಗೆ ತಾಗಿದ್ದೇ ಮಿಷನ್ ನನ್ನ ಕಡೆಗೇ ಎಗರಿತ್ತು. ಅಂದಿನಿಂದ ನನ್ನ ಆಳುಗಳಲ್ಲಿ ಲುಂಗಿ ಉಟ್ಟವನಿಗೆ, ಹೆಗಲ ಮೇಲೆ ಟವಲ್ ಹಾಕಿದವನಿಗೆ ಮಿಷನ್ ಕೊಡುವುದಿಲ್ಲ. ಕರೆಂಟ್ ತಂತಿ ಹತ್ತಿರವಿದ್ದರೆ ಲೈನ್‌ಮನ್ ಬಂದು ಲೈನ್ ತೆಗೆಯುವವರೆಗೂ ಚೈನ್ ತಿರುಗುವುದಿಲ್ಲ.

ಬೆಂಗಳೂರು–ಮೈಸೂರು ಹೆದ್ದಾರಿ ಅಗಲವಾದಾಗ ರಸ್ತೆ ಬದಿಯ ಮರಗಳಿಗೆ ನಾವೂ ಕೂಲಿ ಲೆಕ್ಕದಲ್ಲಿ ಹೋಗಿದ್ದೆವು. ಬೋರ್ಡು, ಬ್ಯಾನರ್ ಅಂತ ಅವುಗಳಿಗೆ ಹೊಡೆದ ಮೊಳೆಗಳನ್ನೆಲ್ಲ ಮರ ನುಂಗಿಕೊಂಡಿತ್ತು. ಒಂದೊಂದು ಮೊಳೆಗೂ ಒಂದೊಂದು ಚೈನು. ರಸ್ತೆ ಮರಕ್ಕೆ ಹೊಸ ಚೈನು ಹಾಕಬಾರದು ಅಂತ ಆಗ ಕಲಿತೆ. ಒಣಗಿದ ತೆಂಗಿಗೂ ಅದೇ ಮಾತು. ಅದರ ನಾರು ಹಲ್ಲನ್ನು ಬೇಗ ಮೊಂಡು ಮಾಡುತ್ತದೆ. ತೆಂಗಿನ ಕೆಲಸಕ್ಕೆ ಹೋಗುವಾಗ ಜೇಬಿನಲ್ಲಿ ದುಂಡನೆ ಅರ ಇರಬೇಕು.

ಬುಡ ಕೀಳಲು ಜೆಸಿಬಿ ಬಂದ ಮೇಲೆ ಮರದ ಕಂಟ್ರಾಕ್ಟರೇ ಜಮೀನಿನ ಕಂಟ್ರಾಕ್ಟರೂ ಆದ. ಹೆದ್ದಾರಿಗೆ ಜಮೀನು ಹೋಗಿ ಪರಿಹಾರ ಬಂದ ದುಡ್ಡಲ್ಲಿ ಜೆಸಿಬಿ, ಟಿಪ್ಪರ್ ತಂದ ಹುಡುಗರನ್ನು ಕಂಡಿದ್ದೇನೆ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟಿಸಿದರು. ರಸ್ತೆ ಕೆಲಸ ಮುಗಿದಿತ್ತು, ಆ ಹುಡುಗರ ಮಿಷನ್ನಿನ ಕಂತು ಮುಗಿದಿರಲಿಲ್ಲ. ಅದಕ್ಕೇ ಹೇಳುತ್ತೇನೆ, ಮೊದಲು ಬಾಡಿಗೆಗೆ ತಗೊಂಡು ಒಂದು ವರ್ಷ ದುಡಿಯಿರಿ. ಮಳೆಗಾಲದ ತಿಂಗಳಲ್ಲೂ ಕಂತಿನಷ್ಟು ಗಂಟೆ ಓಡಿದರೆ ಮಾತ್ರ ಸ್ವಂತದ ಮಾತು. ಜೆಸಿಬಿ ರಸ್ತೆ ಮೇಲೆ ತಾನೇ ಓಡಿಕೊಂಡು ಬರುತ್ತದೆ, ಊರೂರಿನ ಚಿಲ್ಲರೆ ಕೆಲಸಕ್ಕೆ ಅದೇ ಸರಿ. ಹಿಟಾಚಿಯನ್ನು ಲಾರಿ ಮೇಲೆ ಹೇರಿ ತರಬೇಕು, ಒಂದೇ ಕಡೆ ವಾರಗಟ್ಟಲೆ ಕೆಲಸವಿದ್ದರೆ ಮಾತ್ರ ಗಿಟ್ಟುತ್ತದೆ. ವಿ.ಸಿ. ನಾಲೆ ಬಯಲಿನ ಗದ್ದೆಗಾದರೆ ನೀರು ನಿಲ್ಲಿಸಿ ನೆಲ ಗಟ್ಟಿಯಾದ ಮೇಲೆಯೇ ಇಳಿಯಬೇಕು. ಹಸಿ ಗದ್ದೆಯಲ್ಲಿ ಹೂತ ಜೆಸಿಬಿ ಎತ್ತಲು ಇನ್ನೊಂದು ಮಿಷನ್ನಿಗೆ ಬಾಡಿಗೆ ಕೊಡಬೇಕಾಗುತ್ತದೆ.

ಮಿಷನ್ ವಿಷಯದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಮಳವಳ್ಳಿ ಕಡೆಯ ಒಂದು ಹೊಲದ್ದು. ಇಳಿಜಾರಿನ ಎರಡು ಎಕರೆ ಮಟ್ಟ ಮಾಡಬೇಕಿತ್ತು. ಬಾಡಿಗೆ ಗಂಟೆ ಲೆಕ್ಕ. ನೋಡಲು ಹೋಗದೆ ನೇರವಾಗಿ ಬಕೆಟ್ ಇಳಿಸಿದೆ. ಒಂದೂವರೆ ದಿನದಲ್ಲಿ ಹೊಲ ಹಲಗೆ ಹಾಗಾಯಿತು. ಆದರೆ ಕೆಂಪು ಮೇಲ್ಮಣ್ಣು ಅಡಿಗೆ ಹೋಗಿ ಗರಸು ಮೇಲೆ ಬಂದಿತ್ತು. ಆ ವರ್ಷ ರಾಗಿ ಮೊಣಕಾಲೆತ್ತರಕ್ಕೂ ಬರಲಿಲ್ಲ. ಹೊಲದ ಯಜಮಾನಮ್ಮ ಬೈಯಲಿಲ್ಲ. ‘ನಿಮ್ಮಪ್ಪ ಆಗಿದ್ರೆ ಒಂದಿನ ಕೂತಿದ್ದು ನೋಡೋರು ಕಣಪ್ಪ’ ಅಂದರು, ಅಷ್ಟೇ. ಈಗ ಮೊದಲು ಅರ್ಧ ಅಡಿ ಮೇಲ್ಮಣ್ಣು ಕೆರೆದು ಪಕ್ಕಕ್ಕೆ ಗುಡ್ಡೆ ಹಾಕಿಸುತ್ತೇನೆ. ಮಟ್ಟವಾದ ಮೇಲೆ ಅದನ್ನೇ ಮೇಲೆ ಹರಡುವುದು. ನಾಲ್ಕಾರು ಗಂಟೆ ಜಾಸ್ತಿ ಹಿಡಿಯುತ್ತದೆ. ಅದನ್ನು ಮೊದಲೇ ಹೇಳಿ ಒಪ್ಪಿಸಬೇಕು.

ಅದೇ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಮೇಯಿಸುತ್ತಲೇ ಬೆಟ್ಟದ ಮಳೆನೀರು ನಿಲ್ಲದೆ ಇಳಿದು ಹೋಗುವುದನ್ನು ಕಂಡವರು. ಗುದ್ದಲಿ, ಹಾರೆ ಹಿಡಿದು ಶುರು ಮಾಡಿ ಹನ್ನೆರಡಕ್ಕೂ ಹೆಚ್ಚು ಕಟ್ಟೆ ತೋಡಿದರು. ಮಿಷನ್ನಿಗೆ ಬಾಡಿಗೆ ಕೊಟ್ಟದ್ದು ಆಮೇಲೆ. 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಮಾತೆತ್ತಿದಾಗ ದೇಶಕ್ಕೆ ಗೊತ್ತಾದರು. 2022ರಲ್ಲಿ ತೀರಿಕೊಂಡರು. ಅವರ ಕೆಲಸದಲ್ಲಿ ಮೊದಲು ಬಂದದ್ದು ಕಣ್ಣು, ಆಮೇಲೆ ಬಕೆಟ್. ನನ್ನದು ತಿರುಗುಮುರುಗಾಗಿತ್ತು.

ಇನ್ನು ಕಾಗದದ ಮಾತು. ರೈತನದೇ ಜಮೀನಾದರೂ 1976ರ ಮರ ಸಂರಕ್ಷಣಾ ಕಾಯ್ದೆ ಇದೆ. ತೆಂಗು, ಸಿಲ್ವರ್ ಓಕ್, ನೀಲಗಿರಿ, ಸರ್ವೆಯಂಥ ಕೆಲವಕ್ಕೆ ವಿನಾಯಿತಿ ಇದೆ. ಉಳಿದವಕ್ಕೆ ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿಲ್ಲದೆ ಮುಂಗಡ ಕೊಡಬೇಡಿ. ಕಾಗದ ಕೇಳುವ ಮಾತೇ ಇಲ್ಲದ, ಕಡಿಯಲೇಬಾರದ ಮರಗಳೂ ಇವೆ. ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆಮರದ ತುಂಬ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು. ಹಕ್ಕಿಗಳು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ ಊರಿನವರು. ಅಪ್ಪ ಅಲ್ಲಿಗೆ ದಾರ ತೆಗೆದುಕೊಂಡು ಹೋದವರೇ ಅಲ್ಲ.

ಅಪ್ಪನ ಕಾಲದಲ್ಲಿ ಗರಗಸವೇ ನಿಧಾನ, ಹಾಗಾಗಿ ನೋಡಲು ಹೊತ್ತು ತಾನಾಗಿ ಸಿಗುತ್ತಿತ್ತು. ಈಗ ಆ ಹೊತ್ತನ್ನು ನಾವೇ ಮಾಡಿಕೊಳ್ಳಬೇಕು. ಈ ಕಸುಬಿಗೆ ಇಳಿಯುವ ಹುಡುಗರೇ, ದರ ಹೇಳುವ ಮುಂಚೆ ಒಂದು ದಿನ ಬರಿಗೈಯಲ್ಲಿ ಹೋಗಿ ಬನ್ನಿ. ಆ ದಿನಕ್ಕೆ ಡೀಸೆಲ್ ಖರ್ಚಿಲ್ಲ.