ಗ್ವಾದಲಿ ಖಾಲಿ ಇದ್ದ ವರ್ಷದ ಸ್ತೋತ್ರ

ನಮ್ಮ ಮನೆಯಲ್ಲಿ ರಾತ್ರಿ ಎಂಟಕ್ಕೆ ಪ್ರಾರ್ಥನೆ. ಅಷ್ಟೊತ್ತಿಗೆ ರೊಟ್ಟಿ ಬಡಿದು ಮುಗಿದಿರುತ್ತದೆ, ಊಟ ಇನ್ನೂ ಆಗಿರುವುದಿಲ್ಲ. ಹೊಟ್ಟೆ ಹಸಿದಿರಬೇಕು, ಆಗ ಪ್ರಾರ್ಥನೆ ಉದ್ದ ಆಗುವುದಿಲ್ಲ ಎನ್ನುವುದು ಅವ್ವನ ಲೆಕ್ಕ. ಪಡಸಾಲೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂಡುತ್ತೇವೆ. ಖಣದ ಬಟ್ಟೆಯಲ್ಲಿ ಸುತ್ತಿಟ್ಟ ಸತ್ಯವೇದವನ್ನು ಅವ್ವ ಬಿಚ್ಚುತ್ತಾಳೆ. ಅವಳಿಗೆ ಕಣ್ಣು ಸರಿ ಕಾಣುವುದಿಲ್ಲ, ಹಾಗಾಗಿ ಓದುವ ಕೆಲಸ ನಮ್ಮದು. ಓದಿದ ಮೇಲೆ ಒಬ್ಬೊಬ್ಬರೂ ಆ ದಿನದ್ದು ಒಂದು ಸ್ತೋತ್ರ ಹೇಳಬೇಕು, ಒಂದು ಬೇಡಿಕೆ ಹೇಳಬೇಕು. ಕಡೆಗೆ ಕರ್ತನ ಪ್ರಾರ್ಥನೆ, ಆಮೇಲೆ ಊಟ.

ಸ್ತೋತ್ರ ಅಂದರೆ ನಮ್ಮಲ್ಲಿ ದೇವರನ್ನು ಹೊಗಳುವುದು, ಉಪಕಾರ ನೆನೆಯುವುದು. ದೊಡ್ಡದೇ ಆಗಬೇಕಂತಿಲ್ಲ. 'ಇವತ್ತು ಬಸ್ಸು ಸಿಕ್ಕಿತು, ಸ್ತೋತ್ರ' ಎಂದರೂ ನಡೆಯುತ್ತದೆ. ನಮ್ಮ ಮಗಳು ಒಮ್ಮೆ, 'ಗಣಿತದ ಸರ್ ಇವತ್ತ ಬರಲಿಲ್ಲ, ಸ್ತೋತ್ರ' ಅಂದಿದ್ದಳು. ಅವ್ವ ನಕ್ಕಳು, ಬೇಡ ಅನ್ನಲಿಲ್ಲ.

ಬಾಜೂ ಮನೆಯ ಅಜ್ಜಿ ಲಿಂಗಾಯತರು. ಇಷ್ಟಲಿಂಗ ಪೂಜೆ ಮಾಡದೆ ನೀರೂ ಕುಡಿಯದವರು. ಅವರೂ ಎಂಟಕ್ಕೆ ಬಂದು ನಮ್ಮ ಹೊಸ್ತಿಲ ಮೇಲೆ ಕೂತು ಹತ್ತಿಯ ಬತ್ತಿ ಹೊಸೆಯುತ್ತಾರೆ. ಒಳಗೆ ಬರುವುದಿಲ್ಲ, ಎದ್ದೂ ಹೋಗುವುದಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಯಾರೂ ಎಣಿಸಿಲ್ಲ.

ನಮ್ಮದು ಗದಗ ಜಿಲ್ಲೆ. ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಗೆ ಬಂದರು. ನಮ್ಮ ಮನೆತನ ಆ ಸಭೆಗೆ ಸೇರಿದ್ದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರತಂದ ಹರ್ಮನ್ ಮೋಗ್ಲಿಂಗ್ ಅವರೂ ಇದೇ ಮಿಷನ್ನಿನವರು. ಪ್ರಾರ್ಥನೆ ಮತ್ತು ಸುದ್ದಿ, ನಮ್ಮ ಎರಡೂ ಗೀಳು ಒಂದೇ ಮನೆಯಿಂದ ಬಂದವು ಎಂದು ನಾವು ತಮಾಷೆ ಮಾಡುವುದುಂಟು. ಆದರೆ ಈ ಎರಡೂ ಒಂದು ವರ್ಷ ನಮ್ಮೊಳಗೆ ಜಗಳಕ್ಕೆ ಬಿದ್ದವು. ಅದು 2023.

ನಿಮಗೂ ನೆನಪಿರುತ್ತದೆ. ಜೂನ್ ಒಣಗಿ ಹೋಯಿತು. ಜುಲೈನಲ್ಲಿ ಮಳೆ ಬಂತು, ಎಲ್ಲರಂತೆ ನಾವೂ ಓಡಿ ಹೋಗಿ ಬಿತ್ತಿದೆವು. ನಾಲ್ಕು ಎಕರೆ ಎರಿಹೊಲ, ಎರಡರಲ್ಲಿ ಹೆಸರು, ಎರಡರಲ್ಲಿ ಉಳ್ಳಾಗಡ್ಡಿ. ಆಮೇಲೆ ಆಗಸ್ಟ್ ಬಂತು. ಹವಾಮಾನ ಇಲಾಖೆ 1901ರಿಂದ ಲೆಕ್ಕ ಇಟ್ಟುಕೊಂಡು ಬಂದಿದೆ, ಇಡೀ ದೇಶಕ್ಕೆ ಅಷ್ಟು ಒಣ ಆಗಸ್ಟ್ ಅಲ್ಲಿಯವರೆಗೆ ಇರಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಸಾರಿತು.

ಬೆಳೆಹಾನಿ ಸಮೀಕ್ಷೆಗೆ ಕಂದಾಯ ಇಲಾಖೆಯವರೂ ಕೃಷಿ ಇಲಾಖೆಯವರೂ ಜೊತೆಯಾಗಿ ಬಂದಾಗ ನಾವು ಡೈರಿ ಹಿಡಿದು ಅವರ ಹಿಂದೆ ಹೋದೆವು. ಪತ್ರಿಕೆಗೆ ಬರೆಯಲು ಹೋದದ್ದು. ಮೂರು ಹೊಲ ದಾಟಿದ ಮೇಲೆ ನಮ್ಮದೇ ಹೊಲ ಬಂತು. ಹೆಸರು ದೂರದಿಂದ ಹಸಿರಾಗಿಯೇ ಕಾಣುತ್ತಿತ್ತು. ಬಗ್ಗಿ ಕಾಯಿ ಮುಟ್ಟಿದರೆ ಒಳಗೆ ಕಾಳಿಲ್ಲ. ಇದಕ್ಕೆ ಆ ವರ್ಷ 'ಹಸಿರು ಬರ' ಎಂಬ ಹೆಸರು ಬಂದಿತ್ತು. ಸಾಹೇಬರು ಮೊಬೈಲಿನಲ್ಲಿ ಫೋಟೋ ತೆಗೆದರು, ನಾವು ಬರೆದುಕೊಂಡೆವು. ಆಗ ಶೇ. 33 ಅಥವಾ ಅದಕ್ಕಿಂತ ಹೆಚ್ಚು ಹಾನಿ ಆದರೆ ಮಾತ್ರ ಪರಿಹಾರ ಇತ್ತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನವರೆಗೆ. ನಮ್ಮ ನಾಲ್ಕು ಎಕರೆಗೆ ಹೆಚ್ಚೆಂದರೆ ಸುಮಾರು ಹದಿಮೂರೂ ಮುಕ್ಕಾಲು ಸಾವಿರ. ಉಳ್ಳಾಗಡ್ಡಿ ಬೀಜ, ಗೊಬ್ಬರ, ಕಳೆ ತೆಗೆದ ಆಳಿನ ಖರ್ಚೇ ಅದಕ್ಕಿಂತ ಮೇಲಾಗಿತ್ತು.

ಆ ರಾತ್ರಿ ಎಂಟಕ್ಕೆ ಚಾಪೆಯ ಮೇಲೆ ಕೂತಾಗ ನಮ್ಮ ಸರದಿ ಬಂತು. ಬಾಯಿ ಬರಲಿಲ್ಲ.

'ಅವ್ವಾ, ಇವತ್ತ ಸ್ತೋತ್ರ ಹೇಳಾಕ ಏನೂ ಇಲ್ಲ. ಹೇಳಿದ್ರ ಸುಳ್ಳ ಹೇಳಿದಂಗ ಆಗ್ತೈತಿ.'

ಹೊಸ್ತಿಲ ಮೇಲೆ ಬತ್ತಿ ಹೊಸೆಯುವ ಕೈ ನಿಂತಿತು. ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆವು. ಅವಳು, 'ಸುಳ್ಳ ಹೇಳಂತ ನಿನಗ ಯಾರ ಅಂದ್ರು? ಹೊಲದಾಗ ಏನ ನೋಡಿ ಬಂದಿ, ಅದನ್ನ ಹೇಳು. ಸಾಹೇಬ್ರಿಗೆ ಹೇಳಿದಿ, ಪೇಪರಿನವರಿಗೆ ಹೇಳಿದಿ. ದೇವರಿಗೆ ಹೇಳಾಕ ಏನ ಧಾಡಿ?' ಅಂದಳು. ಆಮೇಲೆ ಹಬಕ್ಕೂಕನ ಪುಸ್ತಕ ತೆಗೆ ಎಂದಳು.

ಹಬಕ್ಕೂಕ ಅಂದರೆ ಸತ್ಯವೇದದ ಹಳೆಯ ಒಡಂಬಡಿಕೆಯಲ್ಲಿ ಬರುವ ಒಬ್ಬ ಪ್ರವಾದಿ. ಅವನ ಪುಸ್ತಕ ಮೂರೇ ಅಧ್ಯಾಯ. ಬಾಬಿಲೋನಿನ ದಂಡು ಯೆಹೂದ ನಾಡಿನ ಮೇಲೆ ಬೀಳುವುದಕ್ಕಿದ್ದ ಕಾಲ. ಆ ಪುಸ್ತಕ ಹೊಗಳಿಕೆಯಿಂದ ಶುರುವಾಗುವುದಿಲ್ಲ, ದೂರಿನಿಂದ ಶುರುವಾಗುತ್ತದೆ. ಎಷ್ಟು ದಿನ ಕೂಗಲಿ, ಯಾಕೆ ಕೇಳಿಸಿಕೊಳ್ಳುತ್ತಿಲ್ಲ ಎಂದು ದೇವರನ್ನೇ ನಿಲ್ಲಿಸಿ ಕೇಳುತ್ತಾನೆ. ಉತ್ತರ ಬಂದರೆ ಅದಕ್ಕೂ ಮತ್ತೊಂದು ಪ್ರಶ್ನೆ ಹಾಕುತ್ತಾನೆ. ಆಮೇಲೆ ಕಾವಲುಗಾರನ ಹಾಗೆ ಉತ್ತರಕ್ಕೆ ಕಾಯುತ್ತಾ ನಿಲ್ಲುತ್ತಾನೆ. ಪುಸ್ತಕದ ಕೊನೆಯಲ್ಲಿ ಒಂದು ಪಟ್ಟಿ ಇದೆ. ಅಂಜೂರ ಚಿಗುರಿಲ್ಲ, ದ್ರಾಕ್ಷಿ ಫಲ ಇಲ್ಲ, ಎಣ್ಣೆಮರ ಕೈಕೊಟ್ಟಿದೆ, ಹೊಲದಲ್ಲಿ ಕಾಳಿಲ್ಲ, ಕುರಿ ಇಲ್ಲ, ದನ ಇಲ್ಲ ಎಂಬ ಅರ್ಥದ ಆರು ಸಂಗತಿಗಳು. ಹಾಗಾದರೂ ನಾನು ದೇವರಲ್ಲಿ ಸಂತೋಷಪಡುತ್ತೇನೆ ಎಂಬುದು ಬರುವುದು ಆರೂ ಹೇಳಿ ಮುಗಿದ ಮೇಲೆ.

ಚಿಕ್ಕಂದಿನಿಂದ ಇದನ್ನು ಎಷ್ಟು ಸಲ ಓದಿದ್ದೇವೋ! ಆವತ್ತೇ ಹೊಳೆದದ್ದು, ಇದು ನಮ್ಮ ಡೈರಿಯಲ್ಲಿದ್ದ ಸಮೀಕ್ಷೆಯೇ ಎಂದು. ಬೆಳೆ ಬೆಳೆಗೆ ನಷ್ಟ ಬರೆದಿದ್ದಾನೆ. ಒಂದನ್ನೂ ಮುಚ್ಚಿಟ್ಟಿಲ್ಲ, ಒಂದನ್ನೂ ಕಡಿಮೆ ಮಾಡಿ ತೋರಿಸಿಲ್ಲ. ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದೇ ಇದು, ಕಂಡದ್ದನ್ನು ಬರೆ ಎಂದು. ಅಲ್ಲಿಯವರೆಗೆ ನಾವು ಹೇಳುತ್ತಿದ್ದ ಸ್ತೋತ್ರಗಳೇ ಹಸಿರು ಬರ ಆಗಿದ್ದವು. ನೋಡುವವರಿಗೆ ಹಸಿರು, ಒಳಗೆ ಕಾಳಿಲ್ಲ.

ಆಮೇಲೆ ಕೀರ್ತನೆಗಳ ಪುಸ್ತಕವನ್ನೂ ಬೇರೆ ಕಣ್ಣಿನಿಂದ ನೋಡಿದೆವು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಪಾಲು ಗೋಳಿನವು. ಹೀಬ್ರೂ ಭಾಷೆಯಲ್ಲಿ ಆ ಪುಸ್ತಕಕ್ಕೆ ಇರುವ ಹೆಸರಿನ ಅರ್ಥ ಮಾತ್ರ 'ಸ್ತುತಿಗಳು'. ಅಂದರೆ ಅಳುವುದನ್ನೂ ಅವರು ಸ್ತುತಿಯ ಲೆಕ್ಕಕ್ಕೇ ಹಾಕಿಕೊಂಡಿದ್ದಾರೆ. 13ನೆಯ ಕೀರ್ತನೆ ಆರೇ ವಚನ, ದೂರಿನಿಂದ ಹೊರಟು ಹಾಡಿಗೆ ಬಂದು ಮುಟ್ಟುತ್ತದೆ. 88ನೆಯದು ಹಾಗೂ ಇಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಪುಸ್ತಕದಿಂದ ತೆಗೆದುಹಾಕಬೇಕು ಅಂತ ಯಾರಿಗೂ ಅನ್ನಿಸಲಿಲ್ಲವಲ್ಲ, ಅದೇ ನಮಗೆ ದೊಡ್ಡ ಸಮಾಧಾನ.

ಇಲ್ಲಿ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗುವಂತಿಲ್ಲ. ಆ ಹಿಂಗಾರಿನಲ್ಲಿ ಹತ್ತಿರದ ಊರಿನ ಒಂದು ಪ್ರಾರ್ಥನಾ ಕೂಟಕ್ಕೆ ಹೋಗಿದ್ದೆವು. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು, ನಿಮ್ಮ ಸ್ತುತಿ ಕಡಿಮೆ ಆಯಿತು, ನಂಬಿಕೆ ಕಡಿಮೆ ಆಯಿತು, ಅದಕ್ಕೇ ಮಳೆ ನಿಂತಿತು ಎಂದು ಮೈಕಿನಲ್ಲಿ ಕೂಗಿದರು. ಅವ್ವ ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ದಾರಿಯಲ್ಲಿ ಅವಳು ಆಡಿದ್ದು ಒಂದೇ ಮಾತು: 'ಹಂಗಾದ್ರ ಆ ಹದಿನೆಂಟ ಮಂದಿ?'

ನಮಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಲೂಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಸಿಲೋವ ಎಂಬಲ್ಲಿ ಬುರುಜು ಕುಸಿದು 18 ಮಂದಿ ಸತ್ತ ಸುದ್ದಿ ಇದೆ. ಅವರು ಊರಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂದು ಯೇಸು ಕೇಳಿ, ಇಲ್ಲ ಎಂದು ತಾನೇ ಹೇಳುತ್ತಾನೆ. ಅಪಘಾತದ ಸುದ್ದಿ ಬರೆಯುವ ನಾವು ಎಷ್ಟೋ ಸಲ ನೋಡಿದ್ದೇವೆ, ಸತ್ತವರ ಮೇಲೆಯೇ ತಪ್ಪು ಹೊರಿಸುವ ಜನರನ್ನು. ನಂಬಿಕೆ ಹೆಚ್ಚಾದರೆ ಮಳೆ, ಕಡಿಮೆಯಾದರೆ ಬರ ಎನ್ನುವುದು ವ್ಯಾಪಾರದ ಮಾತು. ಅದನ್ನು ಬಡ ರೈತನ ಮುಂದೆ ಆಡುವುದು ನಮ್ಮ ದೃಷ್ಟಿಯಲ್ಲಿ ಕ್ರೂರತನ.

ಹಿಂಗಾರೂ ಕೈ ಹಿಡಿಯಲಿಲ್ಲ, ಕಡಲೆ ಗೇಣುದ್ದ ನಿಂತಿತು. ಬಣವಿಯಲ್ಲಿ ಕಣಿಕೆ ತಳ ಕಂಡಿತು. ಪತ್ರಿಕೆಯಿಂದ ನಮಗೆ ಬರಬೇಕಾದ ದುಡ್ಡು ತಿಂಗಳುಗಟ್ಟಲೆ ಬಾಕಿ. ಸುದ್ದಿಗೆ ಇಷ್ಟು ಎಂದು ಕೊಡುವವರು, ಸುದ್ದಿ ಹೆಚ್ಚಾದ ವರ್ಷವೇ ಕೊಡಲು ಹಿಂದೆ ಮುಂದೆ ನೋಡಿದರು. ಡಿಸೆಂಬರಿನಲ್ಲಿ ಎತ್ತು ಮಾರುವುದು ಎಂದು ತೀರ್ಮಾನವಾಯಿತು.

ಬಸವ, ಮಲ್ಲ ಎಂದು ಅವುಗಳ ಹೆಸರು. ಕೊಟ್ಟವರು ಇಟ್ಟ ಹೆಸರು, ನಾವು ಬದಲಿಸಲಿಲ್ಲ. ನಸುಕಿನಲ್ಲಿ ತಮ್ಮ ಅವುಗಳನ್ನು ಸಂತೆಗೆ ಹೊಡೆದುಕೊಂಡು ಹೋದ. ಅವ್ವ ಎರಡಕ್ಕೂ ಒಂದೊಂದು ರೊಟ್ಟಿ ತಿನ್ನಿಸಿ, ಹಣೆ ಸವರಿ ಒಳಗೆ ಹೋದಳು. ಬಾಗಿಲಿಗೆ ಬಂದು ನಿಲ್ಲಲಿಲ್ಲ. ಬರದ ವರ್ಷ ಸಂತೆ ತುಂಬಾ ಎತ್ತು, ಕೊಳ್ಳುವವರು ಕಡಿಮೆ. ಎಷ್ಟಕ್ಕೆ ಹೋದವು ಎಂದು ಬರೆಯಲು ಈಗಲೂ ಮನಸ್ಸಾಗುವುದಿಲ್ಲ.

ಆ ರಾತ್ರಿಯೂ ಎಂಟಾಯಿತು. ಅವ್ವ, 'ಅದನ್ನ ಓದು' ಅಂದಳು. ಓದುತ್ತಾ ಓದುತ್ತಾ ಪಟ್ಟಿಯ ಆರನೆಯದಕ್ಕೆ ಬಂದೆವು, ಕೊಟ್ಟಿಗೆಯ ಸಾಲಿಗೆ. ಅಲ್ಲಿ ನಮ್ಮ ಗಂಟಲು ನಿಂತಿತು. ಯಾರೂ ಮಾತಾಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಹೊಸ್ತಿಲಿನಿಂದ ಅಜ್ಜಿಯ ದನಿ ಬಂತು.

'ಮುಂದಿಂದ ಓದ್ರಿ. ಮುಂದ ಏನೋ ಐತಲ್ರಿ ಅದರಾಗ.'

ಓದಿದೆವು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು, 'ಇವತ್ತ ನನ್ನ ಕೈಲೆ ಆಗಂಗಿಲ್ಲ. ನನ್ನ ಪಾಲಿಂದೂ ನೀವ ಹೇಳ್ರಿ' ಅಂದಳು. ನಲವತ್ತು ವರ್ಷದಿಂದ ಎಲ್ಲರ ಪಾಲಿನದನ್ನೂ ಹೇಳಿಕೊಂಡು ಬಂದವಳು ಅವಳು. ಆ ರಾತ್ರಿ ಅವಳ ಪಾಲಿನ ಸ್ತೋತ್ರವನ್ನು ಮಗಳು ಹೇಳಿದಳು, ಮಲ್ಲ ಒಮ್ಮೆಯೂ ನನಗೆ ಹಾಯಲಿಲ್ಲ ಎಂದು. ದೇವರಲ್ಲಿ ಭರವಸೆ ಇಡುವುದು ಒಬ್ಬೊಬ್ಬರೇ ಹೊರುವ ಮೂಟೆ ಎಂದು ನಾವು ತಿಳಿದಿದ್ದೆವು. ಒಬ್ಬರ ಹೆಗಲು ಸೋತಾಗ ಇನ್ನೊಬ್ಬರು ಹೊರಬಹುದು ಎಂಬುದು ಆವತ್ತು ಕಂಡಿತು.

ಪರಿಹಾರದ ಕಥೆ ಇಲ್ಲೇ ಹೇಳಿಬಿಡುತ್ತೇವೆ, ಕೇಳುವವರು ಇದ್ದೇ ಇರುತ್ತೀರಿ. ಮೊದಲ ಕಂತೆಂದು 2,000 ರೂಪಾಯಿ ಬಂತು. ರಾಜ್ಯ ಸರ್ಕಾರ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲಿನಲ್ಲಿ ಕೇಂದ್ರದಿಂದ 3,454 ಕೋಟಿ ಬಿಡುಗಡೆಯಾಯಿತು, ನಮ್ಮ ಖಾತೆಗೂ ಉಳಿದದ್ದು ಬಿತ್ತು. ಎತ್ತು ಮತ್ತೆ ಕೊಳ್ಳಲು ಅದು ಸಾಲಲಿಲ್ಲ. ಈಗ ಬಾಡಿಗೆ ಟ್ರ್ಯಾಕ್ಟರ್. ಮುಂದಿನ ವರ್ಷ ಮಳೆ ಬಂತು, ಅದು ಅವ್ವನ ಪ್ರಾರ್ಥನೆಯಿಂದಲೇ ಬಂತು ಎಂದು ನಾವು ಬರೆಯುವುದಿಲ್ಲ. ಬರೆದರೆ ಆ ಪ್ರಸಂಗಿಗೂ ನಮಗೂ ಏನು ವ್ಯತ್ಯಾಸ? ಅವ್ವನೂ ಹಾಗೆ ಹೇಳುವುದಿಲ್ಲ. ಮಳೆ ಬಂದ ದಿನ ಮಳೆಗೆ ಸ್ತೋತ್ರ ಹೇಳಿದಳು, ಅಷ್ಟೇ.

ಆದರೆ ಅದಕ್ಕೆ ಮೊದಲು ಕ್ರಿಸ್‌ಮಸ್ ಬಂದಿತ್ತು. ಯೇಸು ಹುಟ್ಟಿದಾಗ ತಾಯಿ ಅವನನ್ನು ಮಲಗಿಸಿದ್ದು ಗೋದಲಿಯಲ್ಲಿ ಎಂದು ಕನ್ನಡ ಸತ್ಯವೇದ ಹೇಳುತ್ತದೆ. ನಾವು ಗ್ವಾದಲಿ ಅನ್ನುತ್ತೇವೆ, ಎತ್ತಿಗೆ ಮೇವು ಹಾಕುವ ಜಾಗ. ಪ್ರತಿ ವರ್ಷ ಮಕ್ಕಳು ರಟ್ಟಿನ ಡಬ್ಬಿಯಲ್ಲಿ ಗೋದಲಿ ಮಾಡಿ ಪಡಸಾಲೆಯಲ್ಲಿಡುತ್ತಿದ್ದರು. ಆ ವರ್ಷ ಮಗಳು, 'ನಿಜವಾದ ಗ್ವಾದಲಿನ ಖಾಲಿ ಐತಲ್ಲ, ಅಲ್ಲೇ ಮಾಡೂಣು' ಅಂದಳು. ನಮ್ಮ ಎದೆ ಝಲ್ ಎಂದಿತು. ಅವ್ವನ ಮುಖ ನೋಡಿದೆವು. ಅವಳು ಎದ್ದು ಹೋಗಿ ಕಸಬರಿಗೆ ತಂದಳು.

ಗ್ವಾದಲಿ ಗುಡಿಸಿದರು, ಮೂಲೆಯಲ್ಲಿ ಉಳಿದ ಒಂದು ಹಿಡಿ ಹೊಟ್ಟನ್ನೇ ಹಾಸಿದರು. ಮಣ್ಣಿನ ಗೊಂಬೆ ಇಟ್ಟರು, ಮೇಲೆ ಕಾಗದದ ನಕ್ಷತ್ರ ಕಟ್ಟಿದರು. ಕ್ರಿಸ್‌ಮಸ್‌ನ ಹಿಂದಿನ ರಾತ್ರಿ ಪ್ರಾರ್ಥನೆ ಪಡಸಾಲೆಯಲ್ಲಿ ಆಗಲಿಲ್ಲ, ಕೊಟ್ಟಿಗೆಯಲ್ಲೇ ಆಯಿತು. ಅಲ್ಲಿ ಹೊಸ್ತಿಲು ಇಲ್ಲ, ಹಾಗಾಗಿ ಬಾಜೂ ಮನೆ ಅಜ್ಜಿಯೂ ನಮ್ಮ ಜೊತೆಗೇ ಕೂತರು. ಅವ್ವ ಅಂದು ಮತ್ತೆ ಬಾಯಿ ಬಿಟ್ಟು ಪ್ರಾರ್ಥನೆ ಮಾಡಿದಳು. ಆಮೇಲೆ ನಾವು ಡೈರಿಯಲ್ಲಿ ಬರೆದಿಟ್ಟುಕೊಂಡದ್ದು ಹೀಗಿದೆ:

'ತಂದೆಯೇ, ಹೆಸರು ಹೋತು. ಉಳ್ಳಾಗಡ್ಡಿ ಹೋತು. ಕಡ್ಲಿ ಏಳಲಿಲ್ಲ. ಎತ್ತೂ ಹೋದ್ವು. ಎಲ್ಲಾ ನಿನಗ ಗೊತ್ತೈತಿ, ಆದ್ರೂ ಹೇಳಾಕತ್ತೇನಿ. ನನಗ ಭಾಳ ಸಂಕಟ ಆಗೈತಿ. ಬಸವ, ಮಲ್ಲ ಎಲ್ಲಿ ಅದಾವೋ, ಅವಕ್ಕ ಹೊಟ್ಟಿ ತುಂಬ ಮೇವ ಸಿಗಲಿ, ಬಡಿಯೋ ಕೈ ಸಿಗೋದ ಬ್ಯಾಡ. ನಿನ್ನ ಮಗನ್ನ ಮಲಗಿಸಿದ ಜಾಗಾದಾಗ ಕುಂತೇವಿ. ಹುಡುಗ್ರು ಅದಾವು, ಈ ಅಕ್ಕ ಅದಾಳ, ಕೊಡದಾಗ ನೀರ ಐತಿ. ಇವಕ್ಕ ನಿನಗ ಸ್ತೋತ್ರ. ಉಳಿದಿದ್ದಕ್ಕ ನನಗ ಇನ್ನೂ ಬಾಯಿ ಬರವಲ್ದು, ಅದನ್ನ ನೀ ಕಾಯ್ಕೊಂಡಿರು. ಮಳಿ ಯಾವಾಗ ಕೊಡ್ತಿ? ಆಮೆನ್.'

ಅಜ್ಜಿಯೂ ಏನೋ ಅಂದರು, ನಮಗೆ ಸರಿಯಾಗಿ ಕೇಳಿಸಲಿಲ್ಲ. ಅವ್ವ ಎದ್ದು ಎಲ್ಲರಿಗೂ ಅಲ್ಲೇ ರೊಟ್ಟಿ ಹಾಕಿದಳು.