ಅಲಾವ್ ಒಡೆದ ರಾತ್ರಿ

ಏಳಿ! ಏಳಿ! ನೀರು ಬಂತು!

2024ರ ಸೆಪ್ಟೆಂಬರ್ 10, ಮಂಗಳವಾರ. ಕೋಳಿ ಕೂಗಲು ಇನ್ನೂ ಹೊತ್ತಿದೆ. ನೈಜೀರಿಯಾದ ಈಶಾನ್ಯ ಮೂಲೆಯ ಬೊರ್ನೊ ರಾಜ್ಯ, ಅದರ ರಾಜಧಾನಿ ಮೈದುಗುರಿ. ಗ್ವಾಂಗೆ ಎಂಬ ಕಿಕ್ಕಿರಿದ ಬಡಾವಣೆಯ ಒಂದು ಮಣ್ಣಿಟ್ಟಿಗೆ ಮನೆಯಲ್ಲಿ ನೀವು ಮಲಗಿದ್ದೀರಿ ಎಂದುಕೊಳ್ಳಿ. ಚಾಪೆ ಒದ್ದೆ. ಮಗು ಉಚ್ಚೆ ಹೊಯ್ದಿರಬೇಕು ಎಂದು ಪಕ್ಕಕ್ಕೆ ಹೊರಳುತ್ತೀರಿ. ಅಲ್ಲೂ ಒದ್ದೆ. ಎದ್ದು ನಿಂತರೆ ಹಿಮ್ಮಡಿ ಮುಳುಗುತ್ತದೆ. ದೀಪಕ್ಕೆ ತಡಕಾಡುವಷ್ಟರಲ್ಲಿ ಮೊಣಕಾಲು. ಬಾಗಿಲಿಗೆ ಹೋದರೆ, ಆಚೆ ಕಡೆಯಿಂದ ಯಾರೋ ಭುಜ ಕೊಟ್ಟು ನಿಂತಂತೆ ಅದು ಬಿಗಿದುಕೊಂಡಿದೆ. ಒದೆಯಿರಿ. ಇನ್ನೊಮ್ಮೆ ಒದೆಯಿರಿ. ತೆರೆಯಿತು. ನೀರು ಸೊಂಟಕ್ಕೆ ಬಂತು. ಕೈ ಎರಡೇ, ಮಕ್ಕಳು ನಾಲ್ಕು. ಯಾರನ್ನು ಮೊದಲು ಎತ್ತುತ್ತೀರಿ?

ಯೋಚಿಸಲು ಪುರುಸೊತ್ತಿಲ್ಲ. ಏಕೆಂದರೆ ಗೋಡೆ ಕಾಯುವುದಿಲ್ಲ.

ಬಿಸಿಲಿಗೆ ಒಣಗಿಸಿದ ಮಣ್ಣಿಟ್ಟಿಗೆಯ ಗೋಡೆ ನೀರಿನಲ್ಲಿ ಹೇಗೆ ಸಾಯುತ್ತದೆ ಎಂಬುದನ್ನು ಹಳೆಯ ಮನೆಯಲ್ಲಿ ಬಾಳಿದವರು ಬಲ್ಲರು. ಮೊದಲು ಅದು ಕುಡಿಯುತ್ತದೆ. ಗಿಲಾವು ಉಬ್ಬಿ, ಅಂಗೈಯಗಲದ ಹಕ್ಕಳೆಯಾಗಿ ಕಳಚಿಕೊಳ್ಳುತ್ತದೆ. ಮೇಲಿನ ಭಾಗ ಕಲ್ಲಿನಂತೆ ಗಟ್ಟಿಯಾಗಿಯೇ ಇರುತ್ತದೆ. ಆದರೆ ಬುಡದಲ್ಲಿ ಒಂದು ಮೊಳದಷ್ಟು ಎತ್ತರ ರಾಡಿಯಾಗಿ ಬೆರಳು ಊರಿದರೆ ಇಳಿಯುವ ಹಾಗಾಗುತ್ತದೆ. ಆಮೇಲೆ ಇಡೀ ಗೋಡೆ ಇದ್ದ ಹಾಗೆಯೇ ಕೆಳಕ್ಕೆ ಕೂರುತ್ತದೆ. ದೊಡ್ಡ ಸದ್ದೂ ಇಲ್ಲ. ಅದರ ಮೇಲಿದ್ದ ತಗಡು, ತೊಲೆ, ತಗಡಿನ ಮೇಲೆ ಹತ್ತಿ ಕುಳಿತವರು ಎಲ್ಲ ಒಟ್ಟಿಗೆ ನೀರಿಗೆ. ಪ್ರಾಣ ಉಳಿಯಲೆಂದು ಛಾವಣಿ ಹತ್ತಿದ್ದೇ ಎಷ್ಟೋ ಕಡೆ ಪ್ರಾಣಕ್ಕೆ ಎರವಾಗಬಹುದಿತ್ತು. ಸಿಮೆಂಟಿನ ಮನೆಯ ಮೇಲೆ ಹತ್ತಿದವನು ಬದುಕಿದ, ಮಣ್ಣಿನ ಮನೆಯ ಮೇಲೆ ಹತ್ತಿದವನು ಗೋಡೆಯ ಕರುಣೆಯ ಮೇಲೆ ಕುಳಿತ. ನೆರೆ ಎಲ್ಲರಿಗೂ ಒಂದೇ ಎಂದು ಹೇಳುವವರು ಈ ವ್ಯತ್ಯಾಸವನ್ನು ನೋಡಬೇಕು.

ಓಡುವುದಾದರೂ ಎಲ್ಲಿಗೆ? ಮೈದುಗುರಿ ಹಪ್ಪಳದಷ್ಟು ಸಪಾಟು ನೆಲ. ಗುಡ್ಡವಿಲ್ಲ, ದಿಬ್ಬವಿಲ್ಲ. ಬೀದಿಯುದ್ದಕ್ಕೂ ಬೇವಿನ ಮರಗಳಿವೆ. ನಮ್ಮ ನಾಡಿನದೇ ಬೇವು, ವಸಾಹತು ಕಾಲದಲ್ಲಿ ಸಮುದ್ರ ದಾಟಿ ಹೋಗಿ ಅಲ್ಲಿ ಬೇರೂರಿ, ಈಗ ಆ ಊರಿನ ನೆರಳೆಲ್ಲ ಅದರದೇ. ‘ಕೆಕೆ’ ಎಂದು ಅವರು ಕರೆಯುವ ಆಟೊಗಳಿವೆ, ಅವುಗಳಲ್ಲಿ ಬಹಳಷ್ಟು ನಮ್ಮ ಬಜಾಜ್‌ಗಳೇ. ಆದರೆ ಎಂಜಿನ್ ಒಳಕ್ಕೆ ನೀರು ಹೊಕ್ಕ ಮೇಲೆ ಆಟೊ ಏನು, ಲಾರಿ ಏನು? ಜನ ನಡೆದರು. ತಲೆಯ ಮೇಲೆ ಹಾಸಿಗೆ, ಹೆಗಲ ಮೇಲೆ ಮಗು. ಎದೆಮಟ್ಟದ ಕಂದು ನೀರಿನಲ್ಲಿ, ಕಾಲಡಿಯ ಚರಂಡಿ ಎಲ್ಲಿದೆ, ರಸ್ತೆ ಎಲ್ಲಿದೆ ಎಂದು ತಿಳಿಯದೆ, ಬೆರಳಿನಿಂದ ನೆಲ ತಡವುತ್ತಾ ನಡೆದರು.

ಅಂದ ಹಾಗೆ, ಇದು ಮಳೆನಾಡಲ್ಲ. ಸಹಾರಾ ಮರುಭೂಮಿಯ ಅಂಚಿನ ಸಾಹೆಲ್ ಪಟ್ಟಿ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಮೂರ್ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಇಲ್ಲಿನವರಿಗೆ ಗೊತ್ತಿರುವ ಸಂಕಟ ಬರ, ಧೂಳು, ಮತ್ತು 1960ರ ದಶಕದಿಂದ ಕುಗ್ಗಿ ಹೋದ ಚಾಡ್ ಸರೋವರ. ನೀರಿಲ್ಲ ಎಂದು ಅಳುತ್ತಿದ್ದ ಊರು ಒಂದೇ ರಾತ್ರಿಯಲ್ಲಿ ನೀರಿನಲ್ಲಿ ಮುಳುಗಿತು.

ಈ ನೀರು ಎಲ್ಲಿಂದ ಬಂತು ಕೇಳಿ. ಮಂದಾರಾ ಬೆಟ್ಟಗಳ ಕಡೆಯಿಂದ ಹರಿದು ಬರುವ ಯೆದ್ಸೆರಾಮ್ ನದಿ ಸಾಂಬಿಸಾ ಎಂಬ ಜೌಗು ಕಾಡಿಗೆ ಸೇರುತ್ತದೆ. ಆ ಜೌಗಿನಿಂದ ಹೊರಟು ಮೈದುಗುರಿಯತ್ತ ಬರುವುದು ನ್‌ಗಡ್ಡಾ ನದಿ. ಸಾಂಬಿಸಾ ಎಂದರೆ ನೆನಪಿದೆಯೇ? 2014ರಲ್ಲಿ ಚಿಬೋಕ್ ಶಾಲೆಯಿಂದ 276 ಹೆಣ್ಣುಮಕ್ಕಳನ್ನು ಎಳೆದೊಯ್ದ ಉಗ್ರರ ಗುಂಪು ಬೋಕೋ ಹರಾಮ್ ಬೀಡು ಬಿಟ್ಟಿದ್ದ ಕಾಡು ಅದೇ. ಬಂದೂಕು ಬಂದ ದಿಕ್ಕಿನಿಂದಲೇ ಈ ಸಲ ನೀರು ಬಂತು.

ನಡುವೆ ಒಂದು ಅಣೆಕಟ್ಟು. ಊರಿನಿಂದ ಸುಮಾರು 20 ಕಿ.ಮೀ. ದಕ್ಷಿಣಕ್ಕೆ, 1980ರ ದಶಕದ ನಡುವಿನಲ್ಲಿ ಕಟ್ಟಿದ ಅಲಾವ್. ಹೊಲಕ್ಕೆ ನೀರು, ಊರಿಗೆ ಕುಡಿಯುವ ನೀರು, ಎರಡಕ್ಕೂ ಅದೇ ದಿಕ್ಕು. 1994ರಲ್ಲಿ ಇದೇ ಅಣೆಕಟ್ಟಿನ ನೀರು ಊರಿಗೆ ನುಗ್ಗಿ ಪಾಠ ಹೇಳಿತ್ತು. ಪಾಠ ಕೇಳಿಸಿಕೊಂಡವರು ಯಾರು? 2024ರ ಮಳೆಗಾಲದಲ್ಲಿ ಜಲಾಶಯ ತುಂಬಿ ಬಂದಾಗ, ಸೆಪ್ಟೆಂಬರ್ ಮೊದಲ ವಾರವೇ ತಗ್ಗಿನ ಕೇರಿಗಳಿಗೆ ನೀರು ಇಣುಕತೊಡಗಿತ್ತು. ಜನ ಗಾಬರಿಯಾದರು. ರಾಜ್ಯದ ಅಧಿಕಾರಿಗಳು ಅಣೆಕಟ್ಟೆಗೆ ಹೋಗಿ ನೋಡಿಬಂದು, ಭಯಪಡುವಂಥದ್ದೇನೂ ಇಲ್ಲ ಎಂದರು. ಜನ ಚಾಪೆ ಹಾಸಿ ಮಲಗಿದರು. ಕೆಲವೇ ದಿನ. ಕೋಡಿ ಕುಸಿಯಿತು, ಕಟ್ಟೆ ಬಾಯಿ ಬಿಟ್ಟಿತು.

ಆಮೇಲಿನದ್ದು ಕೇಳಬೇಡಿ. ಕೇಳಿದರೂ ನಂಬುವುದು ಕಷ್ಟ.

ನದಿಯ ಮಗ್ಗುಲಲ್ಲೇ ಸಾಂಡಾ ಕ್ಯಾರಿಮಿ ಮೃಗಾಲಯ. ನೀರು ನುಗ್ಗಿತು, ಬೋನುಗಳು ಮುಳುಗಿದವು. ಬೋನಿನ ಪ್ರಾಣಿಗೆ ಎಲ್ಲಿಗೆ ದಾರಿ? ಶೇಕಡ 80ಕ್ಕೂ ಹೆಚ್ಚು ಪ್ರಾಣಿಗಳು ಸತ್ತವು ಎಂದು ಮೃಗಾಲಯವೇ ಪ್ರಕಟಿಸಿತು. ಅದಕ್ಕಿಂತ ಎದೆ ನಡುಗಿಸುವ ಇನ್ನೊಂದು ಮಾತು ಅದೇ ಪ್ರಕಟಣೆಯಲ್ಲಿತ್ತು: ಮೊಸಳೆಗಳು, ಹಾವುಗಳು ತೇಲಿಕೊಂಡು ಜನವಸತಿಗೆ ಹೋಗಿವೆ, ಎಚ್ಚರ! ಎದೆಮಟ್ಟದ ಕೆಸರು ನೀರಿನಲ್ಲಿ ಮಗುವನ್ನು ಹೊತ್ತು ನಡೆಯುತ್ತಿದ್ದೀರಿ, ಕಾಲಿಗೆ ಏನೋ ತಗುಲಿತು. ಮರದ ಕೊರಡೋ? ಕೆಳಗೆ ನೋಡಿದರೆ ಕಾಣುವುದು ಬರೀ ಕಂದು ಬಣ್ಣ. ನಡೆಯಲೇಬೇಕು.

ಕಾರಾಗೃಹದ ಗೋಡೆಯೂ ಗೋಡೆಯೇ. ಮಧ್ಯಮ ಭದ್ರತೆಯ ಬಂದೀಖಾನೆಯ ಗೋಡೆಗಳನ್ನು ನೀರು ಕೆಡವಿತು. ಕೈದಿಗಳನ್ನು ಸುರಕ್ಷಿತ ಜಾಗಕ್ಕೆ ಸಾಗಿಸುವ ಗದ್ದಲದಲ್ಲಿ ಎಣಿಸಿ ನೋಡಿದರೆ 281 ಮಂದಿ ಇಲ್ಲ! ಮೊದಲ ದಿನಗಳಲ್ಲಿ ಮರಳಿ ಸಿಕ್ಕವರು 7 ಮಂದಿ. ಹದಿನೈದು ವರ್ಷಗಳ ದಂಗೆಯಲ್ಲಿ ನಲುಗಿದ ಊರಿಗೆ ಇದು ಯಾವ ರೀತಿಯ ಸುದ್ದಿ ಎಂದು ಬಿಡಿಸಿ ಹೇಳಬೇಕಿಲ್ಲ. ಬೊರ್ನೊದ ಪಾರಂಪರಿಕ ದೊರೆ ಶೆಹು, ಅವರ ಅರಮನೆಗೂ ನೀರು. ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಗೂ ನೀರು. ಎಲ್ಲ ಊರುಗಳಿಗೂ ಕಷ್ಟಕಾಲದಲ್ಲಿ ಓಡಿಹೋಗಲು ಒಂದೆರಡು ಜಾಗಗಳಿರುತ್ತವೆ. ಇಲ್ಲಿ ಅವಕ್ಕೂ ನೀರು ನುಗ್ಗಿತು.

ಬೆಳಗಾಯಿತು. ಛಾವಣಿಗಳ ಮೇಲೆ ಜನ. ಸೈನ್ಯದ ಎತ್ತರದ ಲಾರಿಗಳು ನೀರನ್ನು ಸೀಳಿಕೊಂಡು ಬಂದವು. ಹತ್ತಿದಷ್ಟು ಜನರನ್ನು ಹೇರಿಕೊಂಡು ಹೋಗಿ ಮತ್ತೆ ಬಂದವು. ದೋಣಿಗಳು ಬೀದಿಯಲ್ಲಿ ಓಡಿದವು. ಲಾರಿಯಾಗಲಿ ದೋಣಿಯಾಗಲಿ ತಲುಪದ ಕಡೆ ಜನರೇ ಜನರಿಗೆ ಹಗ್ಗವಾದರು. ಇಂಥ ಹೊತ್ತಿನಲ್ಲಿ ಸರ್ಕಾರ ಬರುವ ಮೊದಲು ಪಕ್ಕದ ಮನೆಯವನು ಬರುತ್ತಾನೆ. ಅವನ ಹೆಸರು ಯಾವ ವರದಿಯಲ್ಲೂ ಬರುವುದಿಲ್ಲ. ಈಜು ಬಲ್ಲ ಹುಡುಗರು ಊರಿಗೆ ಎಷ್ಟು ದೊಡ್ಡ ಆಸ್ತಿ ಎಂದು ಮರುಭೂಮಿಯಂಚಿನ ಜನಕ್ಕೆ ಅಂದು ಗೊತ್ತಾಗಿರಬೇಕು.

ಮುಂದಿನದು ಇನ್ನೂ ಕಹಿ. 4 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಸಂತ್ರಸ್ತರ ಸಂಖ್ಯೆ 10 ಲಕ್ಷದ ಆಸುಪಾಸು ಎಂದು ರಾಜ್ಯಪಾಲ ಬಾಬಾಗಾನ ಝುಲುಮ್ ಹೇಳಿದರು. (ಅಲ್ಲಿ ರಾಜ್ಯಪಾಲರೆಂದರೆ ಚುನಾಯಿತರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಇಷ್ಟು ಜನರನ್ನು ಇಡುವುದೆಲ್ಲಿ? ಬಕಾಸಿ ಶಿಬಿರದ ಬಾಗಿಲು ಮತ್ತೆ ತೆರೆಯಿತು. ಬೋಕೋ ಹರಾಮ್‌ಗೆ ಹೆದರಿ ಹಳ್ಳಿ ತೊರೆದು ಬಂದವರಿಗೆಂದೇ ಇದ್ದ ಶಿಬಿರ ಅದು. ಇನ್ನು ಶಾಂತಿ ಬಂತು, ಮನೆಗೆ ಹೋಗಿ ಎಂದು ಸರ್ಕಾರ ಮುಚ್ಚಿಸಿತ್ತು. ಬಂದೂಕಿಗೆ ಹೆದರಿ ಊರು ಸೇರಿದವರು, ಶಿಬಿರದಿಂದ ಹೊರಬಿದ್ದು ನದಿಯಂಚಿನ ಅಗ್ಗದ ಜಾಗದಲ್ಲಿ ಗೂಡು ಕಟ್ಟಿಕೊಂಡವರು, ಉಟ್ಟ ಬಟ್ಟೆಯಲ್ಲಿ ಮತ್ತೆ ಶಿಬಿರದ ಸಾಲಿನಲ್ಲಿ ನಿಂತರು. ಒಂದೇ ಜನ್ಮದಲ್ಲಿ ಎಷ್ಟು ಸಲ ನಿರಾಶ್ರಿತರಾಗಬೇಕು?

ಸತ್ತವರೆಷ್ಟು? ತುರ್ತು ನಿರ್ವಹಣಾ ಸಂಸ್ಥೆ ಮೊದಲ ವಾರ ಕೊಟ್ಟ ಲೆಕ್ಕ 37. ಅಷ್ಟೇ ಎಂದು ನಂಬಿದವರು ಊರಿನಲ್ಲಿ ಕಡಿಮೆ. ಕತ್ತಲಲ್ಲಿ ಕುಸಿದ ಮಣ್ಣಿನ ಮನೆಗಳ ಲೆಕ್ಕವನ್ನು ವಾರದೊಳಗೆ ಯಾರು ತೆಗೆದಾರು? ನೀರು ಇಳಿದ ಮೇಲೆ ಬಾವಿಗಳಲ್ಲಿ ಕಕ್ಕಸಿನ ಕೆಸರು, ಬೀದಿಯಲ್ಲಿ ಸತ್ತ ದನಗಳು. ಅಕ್ಟೋಬರ್ ಆರಂಭಕ್ಕೆ ಕಾಲರಾ ಬಂದೇ ಬಂತು. ನೆರೆಯಿಂದ ಪಾರಾದ ಮಗುವನ್ನು ಒಂದು ಲೋಟ ನೀರಿನಿಂದ ಕಾಪಾಡಬೇಕಾದ ಹೋರಾಟ ಬೇರೆಯೇ ಕಥೆ. ಅದರಲ್ಲಿ ಲಾರಿಯೂ ಇಲ್ಲ, ದೋಣಿಯೂ ಇಲ್ಲ. ಉಪ್ಪು ಸಕ್ಕರೆ ಕಲಸಿದ ನೀರು ಮತ್ತು ನಿದ್ದೆಗೆಟ್ಟ ತಾಯಿ ಮಾತ್ರ.

ಅಧ್ಯಕ್ಷರು ಬಂದರು, ಕೊಡುಗೈ ದಾನಿಗಳು ಕೋಟಿಗಳನ್ನು ಘೋಷಿಸಿದರು. ಕಡೆಗೆ 2025ರ ಮಾರ್ಚ್‌ನಲ್ಲಿ 80 ಶತಕೋಟಿ ನೈರಾ ವೆಚ್ಚದಲ್ಲಿ ಅಲಾವ್ ಅಣೆಕಟ್ಟನ್ನು ಮರಳಿ ಕಟ್ಟುವ ಕೆಲಸಕ್ಕೆ ಕೇಂದ್ರ ಸರ್ಕಾರ ಚಾಲನೆ ಕೊಟ್ಟಿತು. ಕಟ್ಟಲಿ, ಗಟ್ಟಿಯಾಗಿ ಕಟ್ಟಲಿ. ಆದರೆ ಆ ರಾತ್ರಿಯನ್ನು ಪ್ರಕೃತಿ ವಿಕೋಪದ ಪಟ್ಟಿಗೆ ಸೇರಿಸಿ ಕೈ ತೊಳೆದುಕೊಳ್ಳುವುದು ಸಲ್ಲದು. ಮಳೆ ಹೆಚ್ಚಾಗಿತ್ತು, ನಿಜ. ಮೂವತ್ತು ವರ್ಷಗಳ ಹಿಂದೆ ಒಮ್ಮೆ ಊರು ಮುಳುಗಿಸಿದ ಕಟ್ಟೆ ಅದು. ಅದರ ಕೋಡಿ ತಾಳುತ್ತದೋ ಇಲ್ಲವೋ ಎಂದು ನೋಡಬೇಕಾದವರು ನೋಡಿದ್ದರು, ಏನೂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಯೂ ಇದ್ದರು. ಮೈದುಗುರಿಯನ್ನು ಮುಳುಗಿಸಿದ್ದರಲ್ಲಿ ಮೋಡಕ್ಕಿಂತ ದೊಡ್ಡ ಪಾಲು ಆ ಮಾತಿನದು.