‘ಆರ್’ ಪಕ್ಕದ ನಕ್ಷತ್ರ

ಭಾನುವಾರ ಸಂಜೆ. ಸಾಂತಾಕ್ರೂಜ್ ಪೂರ್ವ, ವಾಕೋಲಾದ ಹಳೆಯ ಕಟ್ಟಡದ ಎರಡನೇ ಮಹಡಿ. ವಿಮಾನ ಇಳಿಯುವಾಗೆಲ್ಲ ಮಾತು ನಿಲ್ಲುತ್ತದೆ, ಸದ್ದು ಕರಗಿದ ಮೇಲೆ ಮುಂದುವರಿಯುತ್ತದೆ. ನಿಮ್ಮೆದುರಿಗೆ ಕನ್ನಡಿಗರ ಪುಟ್ಟ ಸಂಘವೊಂದರ ಕಾರ್ಯದರ್ಶಿ, ಪಕ್ಕದಲ್ಲಿ ಸೀಪ್ಜ್ ರಫ್ತು ವಲಯದಲ್ಲಿ ಕೆಲಸ ಮಾಡುವ ಹುಡುಗ.

ಲ್ಯಾಪ್‌ಟಾಪಿನಲ್ಲಿ ಸದಸ್ಯರ ಪಟ್ಟಿ: ಹೆಸರು, ಫೋನು, ರಕ್ತದ ಗುಂಪು, ಮದುವೆ ವಯಸ್ಸಿನ ಮಕ್ಕಳ ವಿವರ. ಮೊನ್ನೆ ಯಾರೋ ಮದುವೆ ದಲ್ಲಾಳಿ ಸದಸ್ಯರೊಬ್ಬರಿಗೆ ಫೋನ್ ಮಾಡಿ, ಮಗಳ ವಯಸ್ಸನ್ನೂ ಓದನ್ನೂ ಬಾಯಿಪಾಠದಂತೆ ಒಪ್ಪಿಸಿದ್ದಾನೆ. ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಈ ಟೇಬಲ್ ಕಟ್ಟಿದವರು ಕಾರ್ಯದರ್ಶಿ, ಹಾಗಾಗಿ ಒಡೆತನವೂ ಅವರದೇ. ಯಾರು ಓದಬೇಕು, ಯಾರು ತಿದ್ದಬೇಕು ಎಂದು ನಿರ್ಧರಿಸುವವರು ಅವರೇ.

ಹುಡುಗ ಅನುಮತಿಗಳ ಪಟ್ಟಿ ತೆರೆಯುತ್ತಾನೆ. ರಕ್ತದಾನ ಶಿಬಿರದ ಸ್ವಯಂಸೇವಕನ ಹೆಸರು, ಮುಂದೆ ‘ಆರ್’: ಓದುವ ಹಕ್ಕು. ಅದಕ್ಕಂಟಿಕೊಂಡು ಒಂದು ನಕ್ಷತ್ರ.

“ಇದೇನು?”

“ಆ ಹಕ್ಕನ್ನು ಬೇರೆಯವರಿಗೂ ಕೊಡುವ ಹಕ್ಕು. ‘ವಿತ್ ಗ್ರಾಂಟ್ ಆಪ್ಷನ್’ ಅಂತ ನೀವೇ ಸೇರಿಸಿದ್ದೀರಿ.”

ಕೆಳಗೆ ಸ್ವಯಂಸೇವಕ ಹಕ್ಕು ಕೊಟ್ಟ ಇನ್ನೆರಡು ಹೆಸರು. ಒಬ್ಬರನ್ನು ಕಾರ್ಯದರ್ಶಿ ನೋಡಿಯೇ ಇಲ್ಲ.

ಸ್ವಯಂಸೇವಕನ ಹಕ್ಕನ್ನು ಹಿಂಪಡೆಯಲು ‘ರಿವೋಕ್’ ಎಂದು ಬೆರಳಚ್ಚಿಸಿದರೆ ಯಂತ್ರ ಒಪ್ಪುವುದಿಲ್ಲ: ಇದನ್ನು ನಂಬಿಕೊಂಡ ಹಕ್ಕುಗಳಿವೆ, ‘ಕ್ಯಾಸ್ಕೇಡ್’ ಬಳಸಿ. ಈ ಸರಪಳಿಯನ್ನು ಬಿಚ್ಚುವ ಬಗೆಯನ್ನು ಐಬಿಎಂನ ಪೆಟ್ರೀಷಿಯಾ ಗ್ರಿಫಿತ್ಸ್ ಮತ್ತು ಬ್ರಾಡ್‌ಫೋರ್ಡ್ ವೇಡ್ 1976ರಲ್ಲೇ ಬರೆದಿಟ್ಟರು. ಕೊಟ್ಟವನ ಹಕ್ಕು ಹೋದರೆ ಅವನಿಂದ ಪಡೆದವರದೂ ಹೋಗಬೇಕು, ಕೊಟ್ಟೇ ಇರಲಿಲ್ಲವೆಂಬಂತೆ. ಇನ್ನೊಬ್ಬರಿಂದಲೂ ಪಡೆದಿದ್ದರೆ ಮಾತ್ರ ಉಳಿಯಬೇಕು. ಎಷ್ಟು ನ್ಯಾಯವಾದ ಲೆಕ್ಕ ಅನ್ನಿಸುತ್ತದೆ ನನಗೆ.

ಹುಡುಗ ಕ್ಯಾಸ್ಕೇಡ್ ಒತ್ತುತ್ತಾನೆ. ಮೂರು ಹೆಸರೂ ಮಾಯ. ಸ್ವಯಂಸೇವಕನಿಗೆ ಮತ್ತೆ ಹೆಸರು, ಫೋನು, ರಕ್ತದ ಗುಂಪು, ಈ ಮೂರು ಕಾಲಂ ಮಾತ್ರ. ನಕ್ಷತ್ರವಿಲ್ಲ.

“ಆಗಲೇ ಎಕ್ಸೆಲ್‌ಗೆ ಇಳಿಸಿಕೊಂಡಿದ್ದರೆ?” ನೀವು ಕೇಳುತ್ತೀರಿ.

ಹುಡುಗನ ಕೈ ಕೀಲಿಮಣೆಯಿಂದ ಮೇಲೇಳುತ್ತದೆ. ಓದಲು ಬಿಟ್ಟದ್ದನ್ನು ನಕಲಿಸಿದರೆ ಆ ನಕಲಿಗೆ ನಕಲಿಸಿದವನೇ ಒಡೆಯ. ಒಡೆಯನ ವಿವೇಚನೆಗೆ ಬಿಟ್ಟ ಈ ಇಡೀ ವ್ಯವಸ್ಥೆಯ ಬಿರುಕು ಅಲ್ಲೇ ಇದೆ. ಇಲ್ಲಿಂದ ಹೊಡೆದ ಯಾವ ಆಜ್ಞೆಯೂ ಅಲ್ಲಿಗೆ ಮುಟ್ಟುವುದಿಲ್ಲ.

ಮತ್ತೊಂದು ವಿಮಾನ. ಸದ್ದು ಇಳಿಯುವವರೆಗೆ ಕಾದು, ಕಾರ್ಯದರ್ಶಿ ಫೋನ್ ಎತ್ತಿಕೊಂಡು ಆ ಹೆಣ್ಣುಮಗಳ ತಂದೆಯ ನಂಬರು ಒತ್ತುತ್ತಾರೆ.